ಖಾಲಿ ಚೌಕಟ್ಟಿನ ಕಾವಲು

ಹೇಳುತ್ತೇನೆ, ಕೇಳಿ. ಆದರೆ ನಡುವೆ ಬಾಯಿ ಹಾಕಿ "ಪಾಪ, ಅವರಾದರೂ ಏನು ಮಾಡೋಕಾಗುತ್ತೆ" ಅನ್ನಬೇಡಿ. ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ನಮ್ಮದು ನೀರಿನ ಅಂಚಿನ ಊರು. ಹೆಸರು ಬೇಡ. ಹೆಸರು ಹೇಳಿದರೆ ಊರಿನ ಮರ್ಯಾದೆ ಹೋಗುತ್ತದಂತೆ, ಇದ್ದಷ್ಟಾದರೂ ಉಳಿಯಲಿ. ನಮ್ಮೂರಿನ ಗಂಡಸರು ನೀರಿಗೆ ಹೋಗುತ್ತಾರೆ. ಕೆಲವರು ಮೀನು ತರುತ್ತಾರೆ, ಕೆಲವರು ಬರಿಗೈಯಲ್ಲಿ ಬರುತ್ತಾರೆ, ಕೆಲವರು ಬರುವುದೇ ಇಲ್ಲ. ನೀರು ಇಟ್ಟುಕೊಂಡವರನ್ನು ಹಿಂದಕ್ಕೆ ಕೊಡುವುದಿಲ್ಲ. ಹೊರಲು ಹೆಣವಿಲ್ಲ, ಹೂಳಲು ಹೆಣವಿಲ್ಲ, ತಲೆಯಿಟ್ಟು ಅಳಲು ಒಂದು ಎದೆಯಿಲ್ಲ. ಅಂಥವರಿಗೆಂದೇ ನಮ್ಮೂರಲ್ಲಿ ಒಂದು ಚಿತ್ರವಿತ್ತು.

ಗುಡ್ಡದ ಮೇಲೆ ಚಿತ್ರದ ಮನೆ. ಅದನ್ನು ಕಟ್ಟಿಸಿದವಳು ಹಳೆಯ ಒಡತಿ. ಚಿತ್ರವನ್ನು ಎಲ್ಲಿಂದಲೋ ತಂದು ಗೋಡೆಗೆ ಹಾಕಿಸಿದವಳೂ ಅವಳೇ. ಬಟ್ಟೆಯ ಮೇಲೆ ಬರೆದ ಚಿತ್ರ, ಎದೆಯೆತ್ತರದ್ದು. ಅದರಲ್ಲಿ ಬಿರುಗಾಳಿ. ದೋಣಿಯ ಮೂತಿ ಅಲೆಯ ಮೇಲೆ ಎದ್ದು ನಿಂತಿದೆ. ಹಾಯಿ ಹರಿದಿದೆ, ಹಗ್ಗ ಬಿಚ್ಚಿ ಗಾಳಿಯಲ್ಲಿ ಹಾರಿದೆ. ಒಂದು ಕಡೆ ಬೆಳಕು, ಇನ್ನೊಂದು ಕಡೆ ಕತ್ತಲೆ. ಒಬ್ಬ ಹಾಯಿ ಎಳೆಯುತ್ತಿದ್ದಾನೆ. ಒಬ್ಬ ಚುಕ್ಕಾಣಿಗೆ ಮೈಯೊಡ್ಡಿದ್ದಾನೆ. ಒಬ್ಬ ಅಂಚಿಗೆ ಬಾಗಿ ವಾಂತಿ ಮಾಡಿಕೊಳ್ಳುತ್ತಿದ್ದಾನೆ. ಒಬ್ಬ ತಲೆಯ ಟೋಪಿ ಒತ್ತಿ ಹಿಡಿದು ನಮ್ಮ ಕಡೆಗೇ ನೋಡುತ್ತಿದ್ದಾನೆ, ನೀವೇನು ನಿಂತು ನೋಡುತ್ತೀರಿ, ಕೈ ಕೊಡಿ ಅನ್ನುವ ಹಾಗೆ. ಹಿಂಬದಿಯಲ್ಲಿ ಒಬ್ಬ ಆಗಷ್ಟೇ ನಿದ್ದೆಯಿಂದ ಎದ್ದಿದ್ದಾನೆ. ಪಕ್ಕದವರು ಅವನ ಹೆಗಲು ಹಿಡಿದು, ಏಳು ಮಾರಾಯ, ಎಂಥ ನಿದ್ದೆ ನಿನ್ನದು ಅಂತ ಅಲುಗಿಸುತ್ತಿದ್ದಾರೆ. ಅವನ ಮುಖದಲ್ಲಿ ಮಾತ್ರ ಹೆದರಿಕೆಯಿಲ್ಲ. ಅವನನ್ನು ನಾವು ಎಚ್ಚರಾದವನು ಅನ್ನುತ್ತಿದ್ದೆವು. ಅವನು ಕೈ ಎತ್ತಿದರೆ ಗಾಳಿ ನಿಲ್ಲುತ್ತದೆ. ಚಿತ್ರದಲ್ಲಿ ಅವನಿನ್ನೂ ಎತ್ತಿಲ್ಲ. ಎತ್ತುತ್ತಾನೆ ಅಂತ ನಂಬಿ ನಾವು ಬದುಕುತ್ತಿದ್ದೆವು.

ಈಗ ನಮ್ಮೂರಿನ ಕಟ್ಟಳೆ ಕೇಳಿ. ನೀರಿಗೆ ಹೋದವನು ತಿರುಗಿ ಬರದಿದ್ದರೆ ಅವನ ಮನೆಯವರು ಉಪ್ಪು ಬಿಡುತ್ತಾರೆ. ಗಂಜಿಗೆ ಉಪ್ಪಿಲ್ಲ, ಸಾರಿಗೆ ಉಪ್ಪಿಲ್ಲ. ಅವನು ಅಲೆಯ ಕೆಳಗೆ ಉಪ್ಪುನೀರು ಕುಡಿಯುತ್ತಿರುವಾಗ ಇವರ ನಾಲಿಗೆಗೆ ಉಪ್ಪು ಹೇಗೆ ರುಚಿಸೀತು? ಆಮೇಲೆ ಒಂದು ದಿನ ಎಲ್ಲರೂ ಗುಡ್ಡ ಹತ್ತಿ ಚಿತ್ರದ ಮುಂದೆ ನಿಲ್ಲುತ್ತಾರೆ. ಮನೆಯ ಹೆಂಗಸು ಸತ್ತವನ ಹಗ್ಗದ ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ಹೇಳುತ್ತಾಳೆ: "ಎಚ್ಚರಾದವನೇ, ನಿನ್ನ ದೋಣಿಯಲ್ಲಿ ಇವನಿಗೆ ಜಾಗ ಮಾಡು. ಇವನಿಗೆ ಹುಟ್ಟು ಹಾಕಲು ಬರುತ್ತದೆ. ಇವನಿಗೆ ಹಾಯಿ ಇಳಿಸಲು ಬರುತ್ತದೆ. ಇವನು ಸುಮ್ಮನೆ ಕೂತು ತಿನ್ನುವವನಲ್ಲ." ನೆರೆದವರೆಲ್ಲ, "ಹತ್ತಲಿ, ಹತ್ತಲಿ" ಅನ್ನುತ್ತಾರೆ. ಅಷ್ಟೇ. ಅಲ್ಲಿಗೆ ಅವನು ನೀರಿನ ತಳದಲ್ಲಿಲ್ಲ, ದೋಣಿಯಲ್ಲಿದ್ದಾನೆ. ಹೆಂಗಸು ಮನೆಗೆ ಬಂದು ಉಪ್ಪು ಹಾಕಿದ ಗಂಜಿ ಉಣ್ಣುತ್ತಾಳೆ, ಉಣ್ಣುತ್ತಾ ಅಳುತ್ತಾಳೆ. ಹತ್ತಿಸದೆ ಬಿಟ್ಟವನು ಮಾತ್ರ ಅಲೆಯ ಕೆಳಗೇ ಉಳಿಯುತ್ತಾನೆ, ತಣ್ಣಗೆ, ಒಬ್ಬನೇ.

ನಗಬೇಡಿ. ನಿಮ್ಮ ನಿಮ್ಮ ಊರಿನ ಕಟ್ಟಳೆ ನಿಮಗೆ ದೊಡ್ಡದಲ್ಲವೇ?

ಇನ್ನೊಂದು ರೂಢಿಯೂ ನಮ್ಮಲ್ಲಿದೆ. ಇದನ್ನು ಹೇಳುವಾಗ ನನಗೇ ನಾಚಿಕೆಯಾಗುತ್ತದೆ. ಹಿತ್ತಾಳೆ ಗುಂಡಿಯ ಅಧಿಕಾರದ ಅಂಗಿ ಹಾಕಿದವರನ್ನು ನಾವು ಹೆಸರು ಕೇಳುವುದಿಲ್ಲ. ನೀನು ಯಾರು, ಎಲ್ಲಿಂದ ಬಂದೆ, ಯಾಕೆ ಬಂದೆ, ಊಹೂಂ, ಏನೂ ಕೇಳುವುದಿಲ್ಲ. ಗುಂಡಿ ನೋಡುತ್ತೇವೆ, ದಾರಿ ಬಿಡುತ್ತೇವೆ. ಯಾವ ಕಾಲದ ಹೆದರಿಕೆಯೋ ಏನೋ, ಈಗ ಅದನ್ನೇ ವಿನಯ ಅಂತ ಕರೆದು ಮಕ್ಕಳಿಗೂ ಕಲಿಸಿದ್ದೇವೆ.

ಬಲೆಪೂಜೆಯ ದಿನ ಊರಿಗೆ ಊರೇ ದಡದಲ್ಲಿತ್ತು. ನಡುಮಧ್ಯಾಹ್ನ, ಗುಂಡಿಯಂಗಿಯ ಇಬ್ಬರು ಗುಡ್ಡ ಹತ್ತಿ ಬಂದರು. "ಒಳಗೆ ಗಲಾಟೆ ಅಂತ ದೂರು ಬಂದಿದೆ, ಬಾಗಿಲು ತೆಗಿ" ಅಂದರು. ಒಳಗೆ ಒಂದು ನೊಣವೂ ಇರಲಿಲ್ಲ. ಚಿತ್ರದ ಮನೆಯ ಕಾವಲುಗಾರ ತೆಗೆದ. "ಕೈ ಮುಂದೆ ಮಾಡು" ಅಂದರು. ಮಾಡಿದ. ಕಟ್ಟಿದರು. ಆಮೇಲೆ ಚೂರಿ ತೆಗೆದು, ಚೌಕಟ್ಟಿನ ಅಂಚಿಗೇ ಚಿತ್ರ ಕೊಯ್ದರು. ಬಾಳೆ ಎಲೆ ಕೊಯ್ಯುವ ಹಾಗೆ, ಸರ್ರನೆ. ಸುರುಳಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಊರ ನಡುವಿನ ಬೀದಿಯಲ್ಲೇ ನಡೆದು ದಡಕ್ಕೆ ಬಂದರು. ಜನ ದಾರಿ ಬಿಟ್ಟರು. ಒಬ್ಬಾತ ತಲೆಯ ಬಟ್ಟೆ ತೆಗೆದು ಕೈಯನ್ನೂ ಮುಗಿದನಂತೆ! ನಮ್ಮ ಸತ್ತವರನ್ನೆಲ್ಲ ಸುತ್ತಿ ಹೊತ್ತುಕೊಂಡು ಹೋಗುವವರಿಗೆ ಕೈ ಮುಗಿದದ್ದು. ಅವರು ದೋಣಿ ಹತ್ತಿ ಆಚೆ ದಡಕ್ಕೆ ಹೋದರು. ಹೋದದ್ದನ್ನು ಊರೆಲ್ಲ ನೋಡಿತು.

ಆಮೇಲೆ ಏನಾಗಬೇಕಿತ್ತು ಹೇಳಿ? ದೋಣಿಗಳು ಇಳಿಯಬೇಕಿತ್ತು. ಒಂದೂ ಇಳಿಯಲಿಲ್ಲ.

ಚಿತ್ರದ ಮನೆಯ ಯಜಮಾನರು ಗುಡ್ಡ ಹತ್ತಿದರು, ಖಾಲಿ ಚೌಕಟ್ಟು ನೋಡಿದರು, ಕಣ್ಣೊರೆಸಿಕೊಂಡರು. ಹಳೆಯ ಒಡತಿ ಸಾಯುವಾಗ "ಇಲ್ಲಿ ಇಟ್ಟದ್ದು ಇಟ್ಟಲ್ಲೇ ಇರಲಿ" ಅಂದಿದ್ದಳು. ಆ ಮಾತನ್ನು ಯಜಮಾನರು ಈಗ ಕೈಗೆ ತೆಗೆದುಕೊಂಡರು. "ನೋಡಿ, ನಾವು ಏನನ್ನೂ ಕದಲಿಸಿಲ್ಲ. ಕದಲಿಸಿದವರು ಅವರು. ಪಾಪ ಅವರಿಗೆ. ನಮ್ಮ ಪಾಲಿಗೆ ಚೌಕಟ್ಟು ಉಳಿದಿದೆ. ಅದನ್ನು ಇಟ್ಟಲ್ಲೇ ಇಟ್ಟು ಕಾಯೋಣ."

ಕಾದರು, ಮಹಾನುಭಾವರು! ಚಿತ್ರವಿದ್ದಾಗ ಒಬ್ಬ ಕಾವಲುಗಾರನಿದ್ದ, ಈಗ ಬಾಗಿಲಿಗೆ ಎರಡು ಬೀಗ ಬಂದವು. ಚೌಕಟ್ಟಿನ ಮುಂದೆ ದೀಪ ಬಂತು. ದೀಪದ ಮುಂದೆ ಹಗ್ಗ ಕಟ್ಟಿ, ಹತ್ತಿರ ಬರಬೇಡಿ ಅಂದರು. ಪರಊರಿನವರು ಬಂದು ಖಾಲಿ ಗೋಡೆ ನೋಡಿ, ಅಯ್ಯೋ ಅಂತ ಉಸಿರು ಬಿಟ್ಟು ಹೋಗತೊಡಗಿದರು. ನಮ್ಮೂರಿನ ಹೆಂಗಸರೂ ದಿನಾ ಹೋಗಿ ಚೌಕಟ್ಟಿನೊಳಗೆ ಕಣ್ಣು ನೆಟ್ಟು, "ಕಾಣುತ್ತಾನೆ, ನನ್ನವನು ಕಾಣುತ್ತಾನೆ" ಅನ್ನತೊಡಗಿದರು. ಒಬ್ಬಳು ಅಂದ ಮೇಲೆ ಇನ್ನೊಬ್ಬಳು ಕಾಣುವುದಿಲ್ಲ ಅನ್ನುವುದು ಹೇಗೆ? ಉಪ್ಪಿನ ದೋಣಿಯವನೊಬ್ಬ ಆಚೆ ದಡದಿಂದ ಬಂದು, "ನಿಮ್ಮ ಚಿತ್ರ ಅಲ್ಲೇ ಇದೆಯಲ್ಲ, ಮಂಡಿಯಲ್ಲಿ ಮೂಟೆಗಳ ಹಿಂದೆ ಸುತ್ತಿ ನಿಲ್ಲಿಸಿದ್ದಾರೆ, ನಾನೇ ನೋಡಿದೆ" ಅಂದ. ಅವನನ್ನು ಕೂರಿಸಿ ಊಟ ಹಾಕಿ ಕಳಿಸಿದರು. ಯಾರೂ ಎದ್ದು ನಿಲ್ಲಲಿಲ್ಲ. ಸುಮ್ಮನೆ ಯಾಕೆ ಮೈಮೇಲೆ ಎಳಕೊಳ್ಳೋದು ಅಂದರು.

ಹೀಗಿರುವಾಗ ಬಲೆ ಹೆಣೆಯುವವಳ ಗಂಡ ನೀರಿಗೆ ಹೋದವನು ತಿರುಗಿ ಬರಲಿಲ್ಲ.

ಅವಳು ಉಪ್ಪು ಬಿಟ್ಟಳು. ಕಾದಳು. ಮಳೆ ಬಂತು, ಹೋಯಿತು. ಅವಳ ಕೆನ್ನೆಗಳು ಒಳಗೆ ಹೋದವು, ಬಲೆ ಹೆಣೆಯುವ ಬೆರಳುಗಳು ಕಡ್ಡಿಯಾದವು. ಕೊನೆಗೆ ಗಂಡನ ಹಗ್ಗದ ತುಂಡು ಹಿಡಿದು ಗುಡ್ಡ ಹತ್ತಿದಳು. ಊರು ಹಿಂದೆ ಹೋಯಿತು.

ಯಜಮಾನರು ದೀಪ ಏರಿಸಿ, "ಹೇಳಮ್ಮಾ" ಅಂದರು.

ಅವಳು ಚೌಕಟ್ಟು ನೋಡಿದಳು. ಹಿಂದಿನ ಸುಣ್ಣದ ಗೋಡೆ ನೋಡಿದಳು. ಗೋಡೆಯಲ್ಲಿ ಒಂದು ಹಲ್ಲಿಯಿತ್ತು.

"ಯಾರಿಗೆ ಹೇಳಲಿ?" ಅಂದಳು.

"ಎಚ್ಚರಾದವನಿಗೆ ಹೇಳು."

"ಎಲ್ಲಿದ್ದಾನೆ?"

"ನಂಬಿಕೆ ಇದ್ದವರಿಗೆ ಕಾಣುತ್ತಾನೆ, ತಾಯೀ."

"ದೋಣಿ ಎಲ್ಲಿದೆ ಯಜಮಾನರೇ? ನನ್ನ ಗಂಡನ್ನ ಗೋಡೆ ಹತ್ತಿಸಲಾ? ಅವನೇನು ಹಲ್ಲಿಯಾ?"

ಯಾರೋ ಮೂಗಿನ ಮೇಲೆ ಬೆರಳಿಟ್ಟರು. ಯಾರೋ ಅವಳ ತೋಳು ಜಗ್ಗಿ, "ಸುಮ್ಮನೆ ಹೇಳಿ ಮುಗಿಸೇ, ಮನೆಗೆ ಹೋಗಿ ಉಪ್ಪು ಉಣ್ಣು" ಅಂದರು. ಅವಳು ಕೈ ಕೊಡವಿದಳು. "ನೀವೆಲ್ಲ ನಿಮ್ಮವರನ್ನ ದೋಣಿ ಹತ್ತಿಸಿದಿರಿ. ಆ ದೋಣಿಯನ್ನೇ ಕದ್ದುಕೊಂಡು ಹೋದರು. ನಿಮ್ಮವರೆಲ್ಲ ಯಾವನದೋ ಮಂಡಿಯಲ್ಲಿ ಮೂಟೆ ಹಿಂದೆ ಉಸಿರು ಕಟ್ಟಿ ನಿಂತಿದ್ದಾರೆ. ನಿಮಗೆ ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತೆ?"

ಯಜಮಾನರು ಬಹಳ ಮೆಲ್ಲಗೆ ಮಾತಾಡುವವರು. ಮೆಲ್ಲಗೆ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. "ದುಃಖದಲ್ಲಿದ್ದೀಯಾ, ಅದಕ್ಕೇ ಹೀಗೆ. ಮನಸ್ಸು ತಿಳಿಯಾದಾಗ ಬಾ" ಅಂದರು. ದೀಪ ಇಳಿಸಿದರು.

ಅವಳು ಗುಡ್ಡ ಇಳಿದು ನೇರ ದಡಕ್ಕೆ ಹೋದಳು. ದೋಣಿಯಿದ್ದವರ ಮನೆ ಮನೆಯ ಬಾಗಿಲು ತಟ್ಟಿದಳು. "ಆಚೆ ದಡಕ್ಕೆ ಹೋಗಿ ಬರೋಣ ಬನ್ನಿ ಅಣ್ಣಾ" ಅಂದಳು. ಒಬ್ಬ, ದೋಣಿ ಸೋರುತ್ತೆ ಅಂದ. ಒಬ್ಬ, ಹುಟ್ಟು ಮುರಿದಿದೆ ಅಂದ. ಒಬ್ಬ, ಗಾಳಿ ಸರಿಯಿಲ್ಲ ಅಂದ. ಗಾಳಿ ಮಗುವಿನ ಉಸಿರಿನಷ್ಟೂ ಇರಲಿಲ್ಲ! ಒಬ್ಬ, ನನ್ನ ಹೆಂಡತಿಗೆ ಹೆದರಿಕೆ ಅಂದ. ಹೆಂಡತಿ ಒಳಗಿನಿಂದ, ನನ್ನ ಗಂಡನಿಗೆ ಹೆದರಿಕೆ ಅಂದಳು. ಕೊನೆಯ ಮನೆಯವನು ಬಾಗಿಲೇ ತೆಗೆಯಲಿಲ್ಲ, ಒಳಗಿನಿಂದಲೇ, "ನಾನು ಮನೆಯಲ್ಲಿಲ್ಲ" ಅಂದ.

ದಡದ ಕೊನೆಯಲ್ಲಿ ಮುದುಕಿಯ ಗುಡಿಸಲು. ಅವಳು ಹೆತ್ತ ಗಂಡುಮಕ್ಕಳನ್ನೆಲ್ಲ ನೀರು ತೆಗೆದುಕೊಂಡಿತ್ತು. ಎಲ್ಲರನ್ನೂ ಅವಳೇ ಚಿತ್ರದ ದೋಣಿ ಹತ್ತಿಸಿದ್ದಳು. ಈಗ ದಿನಾ ಖಾಲಿ ಚೌಕಟ್ಟಿನ ಮುಂದೆ ಕೂತು, ಎಲ್ಲರಿಗಿಂತ ಗಟ್ಟಿಯಾಗಿ, "ಕಾಣುತ್ತಾರೆ, ನನ್ನ ಮಕ್ಕಳು ಕಾಣುತ್ತಾರೆ" ಅನ್ನುವವಳೂ ಅವಳೇ. ಅವಳ ಬಾಗಿಲು ತಟ್ಟಿ ಪ್ರಯೋಜನವಿಲ್ಲ ಅಂತ ಇವಳು ಮುಂದೆ ಹೋಗುತ್ತಿದ್ದಳು.

"ಇಲ್ಲಿ ಬಾ ಮಗಳೇ" ಅಂದಳು ಮುದುಕಿ.

"ಏನಜ್ಜೀ? ನೀನೂ ನನಗೆ ಬುದ್ಧಿ ಹೇಳ್ತೀಯಾ?"

"ನನಗೇನೂ ಕಾಣಲ್ಲ." ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಗೋಡೆ ಕಾಣುತ್ತೆ. ಬರೀ ಗೋಡೆ. ಇನ್ನೊಬ್ಬರ ಮುಂದೆ ಹೇಳಿದರೆ ನನ್ನ ಮಕ್ಕಳು ನಿಜವಾಗಿಯೂ ಹೋದ ಹಾಗೆ ಆಗುತ್ತಲ್ಲ, ಅದಕ್ಕೇ ಕಾಣುತ್ತಾರೆ ಅಂತಿದ್ದೆ. ಸಾಕಾಯ್ತು ಕಣೇ." ಅವಳು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಸಣ್ಣ ದೋಣಿ ಬೋರಲು ಬಿದ್ದಿತ್ತು, ಕಿರಿಯ ಮಗನದು. ಕೋಳಿಗಳು ಅದರ ಕೆಳಗೆ ಮೊಟ್ಟೆಯಿಡುತ್ತಿದ್ದವು. "ಇದು ಸೋರುತ್ತೆ. ಆದರೂ ತಗೋ. ನಾನೂ ಬರ್ತೀನಿ, ನೀರು ಎತ್ತಿ ಹಾಕೋಕೆ ಒಬ್ಬರು ಬೇಕಲ್ಲ."

ಬಲೆ ಹೆಣೆಯುವವಳು ಅಜ್ಜಿಯ ಕಾಲ ಬಳಿ ಕುಸಿದು ಕೂತು ಅತ್ತಳು. ಗಂಡ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಇಬ್ಬರೂ ಸೇರಿ ದೋಣಿಯ ಬಿರುಕಿಗೆಲ್ಲ ನಾರು ತುರುಕಿದರು, ರಾಳ ಬಳಿದರು. ಆಗ ಇವಳಿಗೆ ಇನ್ನೊಂದು ಯೋಚನೆ ಬಂತು. ಆಚೆ ದಡದವರು, ಇದು ನಿಮ್ಮದೇ ಅನ್ನುವುದಕ್ಕೆ ಏನು ಗುರುತು ಅಂದರೆ? ಚೌಕಟ್ಟಿನ ಅಂಚಿನಲ್ಲಿ ಕೊಯ್ದ ಬಟ್ಟೆಯ ಹರುಕು ಇನ್ನೂ ಅಂಟಿಕೊಂಡಿತ್ತು. ಆ ಹರುಕನ್ನು ಚಿತ್ರಕ್ಕೆ ಹಿಡಿದರೆ ನೂಲಿಗೆ ನೂಲು ಕೂಡುತ್ತದೆ. ಚೌಕಟ್ಟು ಬೇಕು. ಆದರೆ ಬಾಗಿಲಿಗೆ ಎರಡು ಬೀಗ.

ಅವಳು ಗಂಡನ ಹಳೆಯ ಅಂಗಿ ತೆಗೆದಳು. ಅದಕ್ಕೆ ಹಿತ್ತಾಳೆ ಗುಂಡಿ ಹೊಲಿದಳು. ತಲೆಗೂದಲು ಒಳಗೆ ಸೇರಿಸಿ ಒಂದು ಟೋಪಿ ಹಾಕಿದಳು. ಸೀರೆಯ ಮೇಲೆ ಅಂಗಿ, ಅದರ ಮೇಲೆ ಗುಂಡಿ! ನೋಡಿದರೆ ಕತ್ತೆಯೂ ನಗಬೇಕು. ಹಾಗೇ ನಡುಮಧ್ಯಾಹ್ನ ಗುಡ್ಡ ಹತ್ತಿದಳು.

ಕಾವಲುಗಾರ ಅವಳ ನೆರೆಮನೆಯವನು. ಚಿಕ್ಕಂದಿನಿಂದ ಕಂಡವನು. ಅವನು ಅವಳ ಮುಖ ನೋಡಿದ. ಆಮೇಲೆ ಗುಂಡಿ ನೋಡಿದ. ಮತ್ತೆ ಮುಖ ನೋಡಿದ. ಮತ್ತೆ ಗುಂಡಿ ನೋಡಿದ. ಗುಂಡಿಯೇ ಗೆದ್ದಿತು.

"ಬನ್ನಿ ಸ್ವಾಮಿ" ಅಂದು ಎರಡೂ ಬೀಗ ತೆಗೆದ. ಅವಳು ಏನೂ ಕೇಳದಿದ್ದರೂ ತಾನಾಗಿ ಎರಡೂ ಕೈ ಮುಂದೆ ಚಾಚಿದ, ಕಟ್ಟಲಿ ಅಂತ.

"ಥೂ! ಒಳಗಿಡೋ ಕೈ" ಅಂದಳು ಅವಳು.

ಚೌಕಟ್ಟನ್ನು ಗೋಡೆಯಿಂದ ಇಳಿಸಿ ಬೆನ್ನ ಮೇಲೆ ಹೊತ್ತಳು. ಊರ ನಡುವಿನ ಬೀದಿಯಲ್ಲೇ ನಡೆದಳು. ಜನ ಗುಂಡಿ ನೋಡಿದರು, ದಾರಿ ಬಿಟ್ಟರು. ದಡಕ್ಕೆ ಬಂದು ಚೌಕಟ್ಟನ್ನು ದೋಣಿಯಲ್ಲಿಟ್ಟಳು. ಆಮೇಲೆ ಟೋಪಿ ಕಿತ್ತು ನೀರಿಗೆಸೆದಳು, ಅಂಗಿ ಬಿಚ್ಚಿ ಅಜ್ಜಿಯ ಹೆಗಲಿಗೆ ಹೊದಿಸಿದಳು. ಕೂದಲು ಬಿಚ್ಚಿ ಹೆಂಗಸಾಗಿ ನಿಂತು ಹುಟ್ಟು ಹಾಕಿದಳು.

ಆಗ ನೋಡಿ, ಊರಿಗೆ ಜೀವ ಬಂತು!

"ಚೌಕಟ್ಟು! ಚೌಕಟ್ಟು ಹೋಯ್ತು!" ಅಂತ ಯಜಮಾನರು ಕೂಗಿದರು. ಮೆಲ್ಲಗಿನ ಗಂಟಲಲ್ಲಿ ಅಂಥ ಕೂಗು ಎಲ್ಲಿ ಅಡಗಿತ್ತೋ. ಗಂಟೆ ಬಾರಿಸಿದರು. ಸೋರುತ್ತೆ ಅಂದಿದ್ದ ದೋಣಿ ನೀರಿಗೆ ಇಳಿಯಿತು. ಹುಟ್ಟು ಮುರಿದಿದೆ ಅಂದವನು ಹೊಸ ಹುಟ್ಟು ತಂದ. ಗಾಳಿ ಸರಿಯಿಲ್ಲ ಅಂದವನು ಹಾಯಿ ಬಿಚ್ಚಿದ. ಹೆದರುವ ಗಂಡನೂ ಹೆದರುವ ಹೆಂಡತಿಯೂ ಒಂದೇ ದೋಣಿಗೆ ಹಾರಿದರು. ಮನೆಯಲ್ಲಿಲ್ಲದವನು ಮನೆಯಿಂದ ಓಡಿ ಬಂದ. ದಡದಲ್ಲಿ ಒಂದೇ ಒಂದು ದೋಣಿ ಉಳಿಯಲಿಲ್ಲ. ಅಂಥ ದೋಣಿಯೋಟವನ್ನು ನಮ್ಮೂರು ಕಂಡಿರಲೇ ಇಲ್ಲ.

ಆಚೆ ದಡ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಅವಳನ್ನು ಸುತ್ತುವರಿದರು. ಅಲ್ಲಿನ ಮಂಡಿಗಳ ಹಂಚು ಕಾಣುತ್ತಿತ್ತು. ಒಲೆಯ ಹೊಗೆ ಕಾಣುತ್ತಿತ್ತು.

"ಕಳ್ಳೀ!" ಅಂದರು ಯಜಮಾನರು. "ಇಟ್ಟದ್ದನ್ನು ಕದಲಿಸಿದೆಯಲ್ಲೇ! ಒಡತಿಯ ಮಾತು ಮುರಿದೆಯಲ್ಲೇ!"

ಅವಳು ಹುಟ್ಟು ನಿಲ್ಲಿಸಿದಳು. ಎದ್ದು ನಿಂತಳು. ಮುಂದೆ ನೋಡಿದಳು, ಹಿಂದೆ ನೋಡಿದಳು, ಎಡಕ್ಕೂ ಬಲಕ್ಕೂ ನೋಡಿದಳು. ನೀರೇ ಕಾಣದ ಹಾಗೆ ದೋಣಿಗಳು.

"ಇಷ್ಟೊಂದು ದೋಣಿ ಇದ್ದವಾ ನಮ್ಮೂರಲ್ಲಿ?" ಅಂದಳು.

ದೋಣಿಗಳು ಒಂದಕ್ಕೊಂದು ತಾಗಿ ಟಕ್ ಟಕ್ ಅನ್ನುತ್ತಿದ್ದವು.

"ಬಂದದ್ದು ಬಂದಿದ್ದೀರಿ" ಅಂದಳು ಮತ್ತೆ. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. "ದಡ ಅಗೋ ಅಲ್ಲೇ ಇದೆ. ಇಷ್ಟು ಜನ ಹೋಗಿ ಕೇಳಿದರೆ ಇಲ್ಲ ಅನ್ನೋಕೆ ಅವರಿಗೆ ಧೈರ್ಯ ಎಲ್ಲಿಂದ ಬರುತ್ತೆ? ನಿಮ್ಮಪ್ಪ ಅಲ್ಲಿದ್ದಾನೆ. ನಿನ್ನ ತಮ್ಮ ಅಲ್ಲಿದ್ದಾನೆ. ಬನ್ನಿ ಅಣ್ಣಾ. ಬಾರೇ ಅಕ್ಕಾ. ನನ್ನ ಗಂಡ ನೀರೊಳಗೆ ಚಳಿಯಲ್ಲಿದ್ದಾನೆ. ಅವನನ್ನ ಹತ್ತಿಸಬೇಕು."

ಕೆಲವರು ಆಚೆ ದಡ ನೋಡಿದರು. ನೋಡಿದ್ದು ನಿಜ, ಸುಳ್ಳು ಹೇಳಬಾರದು. ಒಬ್ಬ ಹುಟ್ಟನ್ನು ಆ ಕಡೆಗೆ ತಿರುಗಿಸಿಯೂ ಬಿಟ್ಟಿದ್ದ. ಅಷ್ಟರಲ್ಲಿ ಯಜಮಾನರು, "ಕತ್ತಲಾಗುತ್ತೆ" ಅಂದರು. ಹೊತ್ತು ನೆತ್ತಿಯಿಂದ ಆಗಷ್ಟೇ ಇಳಿದಿತ್ತು. ತಿರುಗಿದ ಹುಟ್ಟು ಮತ್ತೆ ತಿರುಗಿತು.

ಅವಳು ಬಗ್ಗಿ ಚೌಕಟ್ಟಿನ ಅಂಚಿನಿಂದ ಬಟ್ಟೆಯ ಹರುಕನ್ನೆಲ್ಲ ಸುತ್ತಲೂ ಬಿಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬರೀ ಚೌಕಟ್ಟನ್ನು ಯಜಮಾನರ ದೋಣಿಗೆ ತಳ್ಳಿದಳು. "ಮರ ನಿಮಗೆ" ಅಂದಳು. ಯಜಮಾನರು ಅದನ್ನು ಕಳೆದುಹೋದ ಮಗು ಸಿಕ್ಕ ಹಾಗೆ ಅಪ್ಪಿಕೊಂಡು ಅತ್ತರು. ದೋಣಿಗಳೆಲ್ಲ ಹಾಡುತ್ತಾ ಹಿಂದಿರುಗಿದವು. ಹಾಡುತ್ತಾ! ಅಜ್ಜಿ ಚಿಪ್ಪಿನಿಂದ ನೀರು ಎತ್ತಿ ಎತ್ತಿ ಹೊರಗೆ ಹಾಕುತ್ತಿದ್ದಳು. ಇವಳು ಆಚೆ ದಡದ ಕಡೆಗೆ ಹುಟ್ಟು ಹಾಕುತ್ತಿದ್ದಳು.

ಊರಿಗೆ ಬಂದವರು ಚೌಕಟ್ಟನ್ನು ಗೋಡೆಗೆ ಏರಿಸಿ, ದೀಪ ಹಚ್ಚಿ, ನಿಟ್ಟುಸಿರು ಬಿಟ್ಟರು. ಆಮೇಲೆ ಯಾರಿಗೋ ನೆನಪಾಯಿತು: ಆ ಇಬ್ಬರು ಹೆಂಗಸರ ಗತಿ ಏನು? ನೀರಿಗೆ ಹೋದರು, ತಿರುಗಿ ಬರಲಿಲ್ಲ. ಕಟ್ಟಳೆ ಎಂದರೆ ಕಟ್ಟಳೆ. ಮುದುಕಿಯ ಗುಡಿಸಲಿನಿಂದ ಒಂದು ಹಗ್ಗದ ತುಂಡು ತಂದರು. ಯಜಮಾನರು ಅದನ್ನು ಎರಡೂ ಕೈಯಲ್ಲಿ ಹಿಡಿದು ಖಾಲಿ ಚೌಕಟ್ಟಿನ ಮುಂದೆ ನಿಂತರು.

"ಎಚ್ಚರಾದವನೇ, ನಿನ್ನ ದೋಣಿಯಲ್ಲಿ ಇವರಿಬ್ಬರಿಗೆ ಜಾಗ ಮಾಡು. ಒಬ್ಬಳಿಗೆ ಬಲೆ ಹೆಣೆಯಲು ಬರುತ್ತದೆ. ಒಬ್ಬಳಿಗೆ ವಯಸ್ಸಾಗಿದೆ."

"ಹತ್ತಲಿ, ಹತ್ತಲಿ" ಅಂದರು ಎಲ್ಲರೂ. ಕೆಲವರ ಕಣ್ಣಲ್ಲಿ ನೀರೂ ಬಂತು.

ಕಾವಲುಗಾರ ಕಿಟಕಿಯ ಹತ್ತಿರ ನಿಂತಿದ್ದ. ಅಲ್ಲಿಂದ ನೀರೆಲ್ಲ ಕಾಣುತ್ತದೆ. ಅವನು ಗಂಟಲು ಸರಿಮಾಡಿಕೊಂಡು, "ಯಜಮಾನರೇ" ಅಂದ, "ಅವರು ಇನ್ನೂ ಕಾಣ್ತಾ ಇದ್ದಾರೆ. ಹುಟ್ಟು ಹಾಕ್ತಾ ಇದ್ದಾರೆ."

ಯಜಮಾನರು ತಿರುಗಿ ನೋಡಲಿಲ್ಲ.

"ಕಿಟಕಿ ಮುಚ್ಚು" ಅಂದರು.

ಅವನು ಮುಚ್ಚಿದ.